ವ್ಯಾಜ್ಯಮೂರ್ತಿಗಳ ವಿಮಾಶೋಧ

ದಕ್ಷಿಣ ಬೆಂಗಳೂರಿನ ನಿವೃತ್ತರಲ್ಲಿ, ವಿಶೇಷವಾಗಿ ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ಸ್ವಂತ ಮನೆಯುಳ್ಳ ಹಿರಿಯರಲ್ಲಿ, ಒಂದು ಪ್ರತ್ಯೇಕ ವರ್ಗವಿದ್ದು, ವಿವರಣೆಯ ಅನುಕೂಲಕ್ಕಾಗಿ ಅವರನ್ನು ವ್ಯಾಜ್ಯಮೂರ್ತಿಗಳೆಂದು ಕರೆಯಬಹುದು. ಬ್ಯಾಂಕಿನಲ್ಲೋ ಸರ್ಕಾರಿ ಕಾರ್ಖಾನೆಯಲ್ಲೋ ಜೀವಮಾನವಿಡೀ ಕಡತಗಳ ನಡುವೆ ಬಾಳಿ, ನಿವೃತ್ತಿಯ ಮರುದಿನ ಕಡತವೇ ಇಲ್ಲದ ಮೇಜಿನ ಮುಂದೆ ಕುಳಿತು ಕಂಗಾಲಾದ ಈ ಮಹನೀಯರು, ನೆರೆಮನೆಯವರ ಸೆಟ್‌ಬ್ಯಾಕು, ಅಂದರೆ ಕಟ್ಟಡಕ್ಕೂ ನಿವೇಶನದ ಎಲ್ಲೆಗೂ ನಡುವೆ ನಿಯಮದಂತೆ ಖಾಲಿ ಬಿಡಬೇಕಾದ ಜಾಗ, ಅರ್ಧ ಅಡಿ ಕಡಿಮೆಯಿದೆಯೆಂದು ಪತ್ತೆಹಚ್ಚಿದ ದಿನ ಮತ್ತೆ ಜೀವಕಳೆ ಪಡೆಯುತ್ತಾರೆ. ಅಂದಿನಿಂದ ಮನೆಯಲ್ಲಿ ಲಾಡಿ ಕಟ್ಟಿದ ಫೈಲೊಂದು ಹುಟ್ಟುತ್ತದೆ. ಪ್ರತಿ ಹಾಳೆಗೂ ಮೂರು ಜೆರಾಕ್ಸ್ ಆಗುತ್ತವೆ. ತರಕಾರಿಯವನೊಡನೆ ಚೌಕಾಸಿ ಮಾಡುವಾಗಲೂ "ಇದನ್ನ ಕೋರ್ಟಲ್ಲಿ ನೋಡ್ಕೋತೀನಿ" ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ. ಪಕ್ಕದ ಮನೆಯ ತೆಂಗಿನ ಮರ ತಮ್ಮ ಅಂಗಳದ ಮೇಲೆ ಬಾಗಿರುವುದನ್ನು ಇವರು ಅತಿಕ್ರಮಣವೆಂದು ವರ್ಗೀಕರಿಸಿದರೆ, "ಬಿದ್ದ ಕಾಯಿ ಚಟ್ನಿಗಾಗತ್ತಲ್ರೀ, ನೋಟಿಸ್ ಯಾಕೆ?" ಎಂದು ಪತ್ನಿ ಕೇಳುವುದುಂಟು. ಕಾನೂನಿನಲ್ಲಿ ಚಟ್ನಿಗೆ ಸ್ಥಾನವಿಲ್ಲವೆಂಬುದೇ ಅದಕ್ಕೆ ಸಿದ್ಧ ಉತ್ತರ.

ಈ ವರ್ಗದ ಬಹುಪಾಲು ಜನ ನಿಜವಾಗಿ ನ್ಯಾಯಾಲಯದ ಮೆಟ್ಟಿಲೇರಿದವರಲ್ಲ. 2017ರ ಜೂನ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಜಯನಗರ, ಬನಶಂಕರಿಗಳನ್ನು ಮೆಜೆಸ್ಟಿಕ್ಕಿಗೆ ಜೋಡಿಸಿದ ಮೇಲೆ ಕೆಂಪೇಗೌಡ ರಸ್ತೆಯ ಸಿಟಿ ಸಿವಿಲ್ ಕೋರ್ಟಿಗೆ ಹೋಗಿಬರುವುದು ಸುಲಭವಾಗಿದ್ದರೂ, ಅವರನ್ನು ತಡೆದಿರುವುದು ದೂರವಲ್ಲ, ವಕೀಲರ ಫೀಜು. ಆದ್ದರಿಂದಲೇ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿರುವ ಮಗ ಭಾನುವಾರದ ವಿಡಿಯೊ ಕರೆಯಲ್ಲಿ "ಅಪ್ಪ, ಇಲ್ಲಿ ಲಾಯರ್ ಖರ್ಚಿಗೂ ಇನ್ಶೂರೆನ್ಸ್ ಇದೆ" ಎಂದು ಬಾಯಿತಪ್ಪಿ ಹೇಳಿದ ಗಳಿಗೆಯಿಂದ ವ್ಯಾಜ್ಯಮೂರ್ತಿಗಳ ನಿದ್ದೆ ಹಾರಿಹೋಗುತ್ತದೆ.

ಮಗ ಹೇಳಿದ್ದು ಸುಳ್ಳೇನಲ್ಲ. ವ್ಯಾಜ್ಯವೆಚ್ಚ ವಿಮೆ ಎನ್ನಬಹುದಾದ ಈ ವ್ಯವಸ್ಥೆಯಲ್ಲಿ, ವಿಮೆ ಪಡೆದವನು ವರ್ಷವರ್ಷವೂ ಪ್ರೀಮಿಯಂ ಕಟ್ಟುತ್ತಾನೆ. ಮುಂದೆಂದಾದರೂ ಕಾನೂನಿನ ತಕರಾರು ಎದುರಾದರೆ ವಕೀಲರ ಶುಲ್ಕ, ನ್ಯಾಯಾಲಯದ ಶುಲ್ಕ, ಸಾಕ್ಷಿ ಮತ್ತು ತಜ್ಞರ ವೆಚ್ಚ, ಸೋತರೆ ಎದುರಾಳಿಗೆ ತೆರಬೇಕಾದ ಖರ್ಚು, ಇವನ್ನೆಲ್ಲ ನಿಗದಿತ ಮಿತಿಯವರೆಗೆ ವಿಮಾ ಕಂಪನಿ ಭರಿಸುತ್ತದೆ. 1917ರಲ್ಲಿ ಫ್ರಾನ್ಸಿನ ಲ ಮಾನ್ ನಗರದಲ್ಲಿ ಮೋಟಾರು ಮಾಲೀಕರಿಗಾಗಿ ಆರಂಭವಾದ ಸಂಸ್ಥೆಯೊಂದು ಈ ಬಗೆಯ ವಿಮೆಯ ಮೊದಲಿಗರಲ್ಲಿ ಒಂದು. 1987ರಲ್ಲಿ ಯುರೋಪಿನ ಸಮುದಾಯವು ನಿರ್ದೇಶನವೊಂದನ್ನು ಹೊರಡಿಸಿ, ಪ್ರಕರಣ ನ್ಯಾಯಾಲಯಕ್ಕೆ ಹೋದಾಗ ವಕೀಲರನ್ನು ಆರಿಸುವ ಹಕ್ಕು ಕಂಪನಿಯದಲ್ಲ, ವಿಮೆ ಪಡೆದವನದೇ ಎಂದು ವಿಧಿಸಿತು. ಇಷ್ಟು ಕೇಳುವಷ್ಟರಲ್ಲಿ ವ್ಯಾಜ್ಯಮೂರ್ತಿಗಳು ಫೈಲಿನ ಲಾಡಿಯನ್ನು ಬಿಚ್ಚಿಯಾಗಿರುತ್ತದೆ.

ಮುಂದಿನ ಭಾನುವಾರ ಮಗ ಷರತ್ತುಗಳನ್ನು ಓದಿ ಹೇಳತೊಡಗಿದಾಗ ಅದೇ ಲಾಡಿ ಒಂದೊಂದೇ ಸುತ್ತು ಮತ್ತೆ ಬಿಗಿಯುತ್ತದೆ. ಪಾಲಿಸಿ ಮಾಡಿಸಿದ ಕೂಡಲೇ ರಕ್ಷಣೆ ಸಿಗುವುದಿಲ್ಲ. ಜರ್ಮನಿಯಲ್ಲಿ ಹೆಚ್ಚಿನ ವಿಷಯಗಳಿಗೆ 3 ತಿಂಗಳ ಕಾಯುವ ಅವಧಿಯಿದೆ, ಅದರೊಳಗೆ ಹುಟ್ಟಿದ ತಕರಾರು ಲೆಕ್ಕಕ್ಕಿಲ್ಲ. ಮನೆ ಕಟ್ಟಿಸುವುದರಿಂದ ಬಂದ ಜಗಳ ಸಾಮಾನ್ಯವಾಗಿ ಹೊರಗೆ. ಆಸ್ತಿ ಪಾಲು, ವಿಚ್ಛೇದನಗಳಲ್ಲಿ ಬಹುಮಟ್ಟಿಗೆ ವಕೀಲರ ಆರಂಭದ ಸಲಹೆಯ ಖರ್ಚು ಮಾತ್ರ ಸಿಗುತ್ತದೆ, ದಾವೆಯದಲ್ಲ. ತಿಳಿದೂ ಮಾಡಿದ ಅಪರಾಧಕ್ಕೂ ಅದರ ದಂಡಕ್ಕೂ ರಕ್ಷಣೆಯಿಲ್ಲ. ಬ್ರಿಟನ್ನಿನಲ್ಲಂತೂ ಪ್ರಕರಣ ಗೆಲ್ಲುವ ಸಂಭವ ಶೇ. 50ಕ್ಕಿಂತ ಹೆಚ್ಚಿದೆಯೆಂದು ವಕೀಲರು ಅಭಿಪ್ರಾಯ ಕೊಟ್ಟರಷ್ಟೇ ಕಂಪನಿ ಹಣ ಬಿಚ್ಚುವುದು ರೂಢಿ. ಈ ಕೊನೆಯ ಷರತ್ತು ಮಾತ್ರ ವ್ಯಾಜ್ಯಮೂರ್ತಿಗಳನ್ನು ಕಿಂಚಿತ್ತೂ ಕಂಗೆಡಿಸುವುದಿಲ್ಲ. ತಮ್ಮ ಗೆಲುವು ಶೇ. 100 ಎಂಬುದರಲ್ಲಿ ಅವರಿಗೆ ಸಂಶಯವಿಲ್ಲ.

ಕಂಗೆಡಿಸುವುದು ಕಾಯುವ ಅವಧಿ, ಏಕೆಂದರೆ ಕಾಂಪೌಂಡು ಗೋಡೆಯ ತಗಾದೆಗೆ ಆಗಲೇ ಹನ್ನೊಂದು ವರ್ಷ. ಇಲ್ಲಿ ಅವರು ಮಂಡಿಸುವ ವಾದದಲ್ಲಿ ಒಂದು ಬಗೆಯ ಕಾನೂನು ಪ್ರತಿಭೆಯಿದೆಯೆಂದು ಒಪ್ಪಲೇಬೇಕು. ಆರೋಗ್ಯ ವಿಮೆಯಲ್ಲಿ ಪಾಲಿಸಿಗೆ ಮೊದಲೇ ಇದ್ದ ಸಕ್ಕರೆ ಕಾಯಿಲೆ, ಬಿ.ಪಿ.ಗಳಿಗೂ ಒಂದು ಅವಧಿ ಕಳೆದ ಮೇಲೆ ರಕ್ಷಣೆ ದೊರೆಯುತ್ತದೆ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಆ ಅವಧಿಯ ಗರಿಷ್ಠ ಮಿತಿಯನ್ನು 4 ವರ್ಷದಿಂದ 3 ವರ್ಷಕ್ಕೆ ಇಳಿಸಿತು. ಹಾಗಾದರೆ ಮೊದಲೇ ಇದ್ದ ಜಗಳಕ್ಕೂ 3 ವರ್ಷ ಕಾಯಿಸಿ ರಕ್ಷಣೆ ಕೊಡಬಾರದೇಕೆ, ಅಷ್ಟು ಕಾಲ ಜಗಳವನ್ನು ಜೀವಂತವಾಗಿಡುವ ಹೊಣೆ ತಮಗಿರಲಿ, ಎನ್ನುತ್ತಾರೆ. ಇದಕ್ಕೆ ಏಜೆಂಟನು "ನೋಡೋಣ ಸಾರ್" ಎಂದು ಕಾಫಿ ಮುಗಿಸಿ ಎದ್ದುಹೋಗುವುದು ವಾಡಿಕೆ. ವಿಮೆಯ ಮೂಲತತ್ತ್ವ ಅನಿಶ್ಚಿತತೆ. ಕಾಯಿಲೆಯನ್ನು ಯಾರೂ ಬಯಸಿ ಬೆಳೆಸುವುದಿಲ್ಲ, ಜಗಳದ ಬಗ್ಗೆ ಹಾಗೆ ಹೇಳುವಂತಿಲ್ಲ.

ಜರ್ಮನಿಯಲ್ಲಿ ಮನೆಮನೆಯ ಮಾತಾಗಿರುವ ಈ ವಿಮೆ ಭಾರತದಲ್ಲಿ ಬೇರೂರದಿರುವುದಕ್ಕೆ ವ್ಯಾಜ್ಯಮೂರ್ತಿಗಳು ಒಂದು ಪಿತೂರಿಯನ್ನು ಊಹಿಸಿದರೂ, ಕಾರಣ ಅಷ್ಟು ರೋಚಕವಲ್ಲ. ಅಲ್ಲಿ ವಕೀಲರ ಶುಲ್ಕಕ್ಕೆ ಶಾಸನಬದ್ಧ ದರಪಟ್ಟಿಯಿದ್ದು, ಸೋತವನು ಗೆದ್ದವನ ವಕೀಲರ ಶುಲ್ಕವನ್ನೂ ಸಾಮಾನ್ಯವಾಗಿ ಆ ದರದಂತೆ ತೆರಬೇಕಾದ್ದರಿಂದ, ನಷ್ಟದ ಅಂದಾಜು ಕಂಪನಿಗೆ ಮೊದಲೇ ಸಿಗುತ್ತದೆ. ಇಲ್ಲಿ ಫೀಜು ಕಕ್ಷಿದಾರನಿಗೂ ವಕೀಲರಿಗೂ ಬಿಟ್ಟ ವಿಷಯ, ಪ್ರಕರಣದ ಆಯುಷ್ಯ ವಾಯಿದೆಗಳಿಗೆ ಬಿಟ್ಟದ್ದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಮಿನಂತೆ ಗೆದ್ದವನಿಗೆ ಖರ್ಚು ಕೊಡಿಸಲು ಅವಕಾಶವಿದ್ದರೂ ಕೈಗೆ ಬರುವುದು ಅಲ್ಪ. ಸುಳ್ಳು ದಾವೆ ಹೂಡಿ ಪೀಡಿಸಿದವನಿಂದ 35-ಎ ಕಲಮಿನಡಿ ಸಾಮಾನ್ಯ ದಾವೆಗಳಲ್ಲಿ ಕೊಡಿಸಬಹುದಾದ ಪರಿಹಾರ ಇಂದಿಗೂ 3,000 ರೂಪಾಯಿಯನ್ನು ಮೀರುವಂತಿಲ್ಲ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕುಟುಂಬಸಮೇತ ಹೋಟೆಲಿಗೆ ಹೋಗಿಬಂದರೂ ಈ ಮೊತ್ತದ ಬಹುಪಾಲು ಕರಗುತ್ತದೆ.

ವಿಚಿತ್ರವೆಂದರೆ, ಹುಡುಕುತ್ತಿರುವ ವಸ್ತುವಿನ ತುಣುಕುಗಳು ವ್ಯಾಜ್ಯಮೂರ್ತಿಗಳ ಗಾಡ್ರೇಜ್ ಬೀರುವಿನಲ್ಲೇ ಇರುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮು ಕಡ್ಡಾಯಗೊಳಿಸಿದ ಥರ್ಡ್ ಪಾರ್ಟಿ ವಿಮೆ, ಅಂದರೆ ತಮ್ಮ ವಾಹನದಿಂದ ಹೊರಗಿನವರಿಗಾದ ಹಾನಿಯ ಹೊಣೆ ಹೊರುವ ವಿಮೆ, ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಪ್ರಕರಣ ನಡೆದಾಗ ಕಂಪನಿಯ ವಕೀಲರನ್ನೇ ನಿಲ್ಲಿಸುತ್ತದೆ. ಕೆಲವು ಗೃಹ ವಿಮೆಗಳಲ್ಲಿ ಸಾರ್ವಜನಿಕ ಹೊಣೆಗಾರಿಕೆಯ ಭಾಗವೊಂದಿರುತ್ತದೆ; ಅದು ಪಕ್ಕದ ಮನೆಯವರ ಬಳಿ ಇದ್ದರೆ, ಅವರ ತೆಂಗಿನಕಾಯಿ ವ್ಯಾಜ್ಯಮೂರ್ತಿಗಳ ತಲೆಯ ಮೇಲೆ ಬಿದ್ದಾಗ ಪರಿಹಾರವನ್ನೂ ಪ್ರತಿವಾದದ ಖರ್ಚನ್ನೂ ಕಂಪನಿ ಹೊರಬಹುದು, ಆದರೆ ಆ ರಕ್ಷಣೆ ಪಕ್ಕದ ಮನೆಯವರಿಗೆ! ವ್ಯಕ್ತಿಗಳಿಗಾಗಿ ಇರುವ ಸೈಬರ್ ವಿಮೆಗೆ ಪ್ರಾಧಿಕಾರ 2021ರಲ್ಲಿ ಮಾರ್ಗದರ್ಶಿಯನ್ನು ಹೊರಡಿಸಿದ್ದು, ಆನ್‌ಲೈನ್ ವಂಚನೆ, ಗುರುತಿನ ಕಳವುಗಳ ಕಾನೂನು ವೆಚ್ಚ ಅಂಥ ಪಾಲಿಸಿಗಳಲ್ಲಿ ಸೇರಿರುತ್ತದೆ. ಬಿ.ಟಿ.ಎಂ. ಬಡಾವಣೆಯ ಬಾಡಿಗೆದಾರ ಹುಡುಗನ ಅಡ್ವಾನ್ಸಿನಲ್ಲಿ ಪೇಂಟಿಂಗಿಗೆಂದು ಎಷ್ಟು ಮುರಿದುಕೊಳ್ಳಬಹುದೆಂಬ ಜಗಳಕ್ಕೆ ಮಾತ್ರ ಈ ಮೂರರಲ್ಲಿ ಯಾವುದೂ ಒದಗುವುದಿಲ್ಲ.

ಉಚಿತ ಕಾನೂನು ನೆರವಿನ ಕಚೇರಿಗೆ ಹೋದರೆ ಇನ್ನೊಂದು ಅವಮಾನ ಕಾದಿರುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರಿಗೆ ಅರ್ಹರು. ಒಳ್ಳೆಯ ಪಿಂಚಣಿ ಬರುವ ಗಂಡಸು ಸಾಮಾನ್ಯವಾಗಿ ಅಲ್ಲ. ಹೀಗಾಗಿ ಮನೆಯಲ್ಲಿ ಅರ್ಹತೆ ಪತ್ನಿಗಿದೆ, ತಕರಾರು ಪತಿಗಿದೆ. ಆಕೆಯ ಹೆಸರಿನಲ್ಲಿ ದಾವೆ ಹೂಡುವ ಸಲಹೆಯನ್ನು ಆಕೆ ಒಗ್ಗರಣೆಯ ಸೌಟು ಕೆಳಗಿಡದೆಯೇ ವಜಾ ಮಾಡುತ್ತಾರೆ.

ಕೊನೆಗೆ ಅವರಿಗೊಂದು ನಿಜವಾದ, ಗೆಲ್ಲಬಹುದಾದ ಪ್ರಕರಣ ಒದಗುತ್ತದೆ: ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಬಿಲ್ಲಿನಲ್ಲಿ ಆರೋಗ್ಯ ವಿಮಾ ಕಂಪನಿ ಅರ್ಧ ಕಡಿತ ಮಾಡುತ್ತದೆ. ಇಂಥ ದೂರುಗಳಿಗೆಂದೇ ಇರುವ ವಿಮಾ ಒಂಬುಡ್ಸ್‌ಮನ್, ಅಂದರೆ ಗ್ರಾಹಕನಿಗೂ ಕಂಪನಿಗೂ ನಡುವೆ ತೀರ್ಮಾನ ಕೊಡುವ ಅಧಿಕಾರಿಯ ಕಚೇರಿ, ಅವರ ಮನೆಯಿಂದ ಆಟೊ ದೂರದಲ್ಲಿ, ಜೆ.ಪಿ. ನಗರ ಒಂದನೇ ಹಂತದ ಜೀವನ್ ಸೌಧದಲ್ಲಿದೆ. ವ್ಯಾಜ್ಯಮೂರ್ತಿಗಳು ಅದರ ಮುಂದೆಯೇ ದಿನವೂ ವಾಕಿಂಗ್ ಹೋಗುತ್ತಾರೆ, ಒಳಗೆ ಹೋಗುವುದಿಲ್ಲ. ಕರಿಕೋಟಿಲ್ಲದ, ವಾಯಿದೆಯಿಲ್ಲದ ಜಾಗದಲ್ಲಿ ನ್ಯಾಯ ಸಿಗುತ್ತದೆಂದು ಅವರಿಗೆ ನಂಬಿಕೆಯಿಲ್ಲ. ಅಷ್ಟು ತಾಳ್ಮೆಯಿಲ್ಲದ ಸಾಮಾನ್ಯ ಓದುಗರು ಮೊದಲು ಕಂಪನಿಗೆ ಬರೆದು ಒಂದು ತಿಂಗಳು ಕಾದು, ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ಅಲ್ಲಿಗೆ ದೂರು ಕೊಡಬಹುದು. ತೀರ್ಪಿನ ಮಿತಿ 50 ಲಕ್ಷ ರೂಪಾಯಿ, ದೂರಿಗೆ ಶುಲ್ಕವಿಲ್ಲ, ವಕೀಲರಿಗೆ ಪ್ರವೇಶವಿಲ್ಲ.