ಕುಯ್ಲು ಮುಗೀಲಿ, ಆಮೇಲೆ

ಮೂಡಿಗೆರೆ ಬಸ್ ಸ್ಟ್ಯಾಂಡಿನ ಆಸುಪಾಸಿನ ಯಾವ ಕ್ಯಾಂಟೀನಿಗೆ ಹೋದರೂ ಈತ ಸಿಗುತ್ತಾನೆ. ಬಿ.ಇ. ಮುಗಿದಿದೆ, ಜೀಪಿನ ಕೀ ಟೇಬಲ್ ಮೇಲಿದೆ, ಎರಡನೇ ಕಾಫಿ ಬಂದಿದೆ. ಕೆಲಸ ಹುಡುಕುತ್ತಿದ್ದಾನೆ. ಅವಸರವೇನೂ ಇಲ್ಲ, ಯಾಕೆಂದರೆ ಪ್ಲಾನ್ ಇದೆ.

ಪ್ಲಾನ್ ಇರುವುದು ಎಕ್ಸೆಲ್ ಶೀಟಿನಲ್ಲಿ. ಕಂಪನಿ, ಹುದ್ದೆ, ಕೊನೇ ದಿನಾಂಕ, ಅಲ್ಲಿರುವ ನೆಂಟರು, ಷರಾ. ಹಸಿರು ಬಣ್ಣವಿದ್ದರೆ ಅರ್ಜಿ ಹಾಕಬೇಕು, ಹಳದಿಯಾದರೆ ಯೋಚಿಸಬೇಕು, ಕೆಂಪಾದರೆ ದಿನಾಂಕ ಮುಗಿದಿದೆ. ನವೆಂಬರಿನಲ್ಲಿ ಹಸಿರಾಗಿದ್ದ ಶೀಟು ಜನವರಿ ಹೊತ್ತಿಗೆ ಅರೇಬಿಕಾ ಗಿಡದ ಹಾಗೆ ಕೆಂಪಗೆ ತೂಗುತ್ತಿರುತ್ತದೆ.

ಅದು ಅವನ ತಪ್ಪೂ ಅಲ್ಲ. ನವೆಂಬರಿನಿಂದ ಅರೇಬಿಕಾ ಕುಯ್ಲು, ಅದರ ಬೆನ್ನಿಗೇ ರೋಬಸ್ಟಾ. ರೈಟರು ಅದೇ ಹೊತ್ತಿಗೆ ರಜೆ ಹಾಕುತ್ತಾನೆ, ಅಸ್ಸಾಮಿನಿಂದ ಬಂದ ಆಳುಗಳ ತೂಕದ ಲೆಕ್ಕ ಯಾರಾದರೂ ಬರೆಯಬೇಕು, ಕಣದಲ್ಲಿ ಹರಡಿದ ಕಾಫಿಯನ್ನು ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸಬೇಕು. ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಬದಲಿಸಲು ನಡುರಾತ್ರಿ ಏಳಬೇಕು. ಮೇ ತಿಂಗಳು ಮದುವೆಗಳದ್ದು. ಜೂನಿನಲ್ಲಿ ಮಳೆ ಹಿಡಿಯಿತೆಂದರೆ ಮರ ಬಿದ್ದು ಕರೆಂಟು ಹೋಗುತ್ತದೆ, ಕರೆಂಟಿನ ಹಿಂದೆಯೇ ಟವರು. ಸೆಪ್ಟೆಂಬರ್ ಒಂದು ಉಳಿಯಿತು. ಅದನ್ನು ಆತ ಪ್ಲಾನ್ ಪರಿಷ್ಕರಣೆಗೆಂದು ಮೀಸಲಿಟ್ಟಿದ್ದಾನೆ.

ಹುಡುಕಾಟದ ವೇಗ ಕಾಫಿ ರೇಟಿನ ಕೈಯಲ್ಲಿದೆ. ಈ ಶತಮಾನದ ಶುರುವಿನಲ್ಲಿ ರೇಟು ಪ್ರಪಂಚದಲ್ಲೆಲ್ಲ ನೆಲಕಚ್ಚಿದಾಗ ಕಳಸ, ಮೂಡಿಗೆರೆ ಕಡೆಯ ಹುಡುಗರು ಯಾವ ಶೀಟೂ ಇಲ್ಲದೆ ಬೆಂಗಳೂರು ಬಸ್ಸು ಹತ್ತಿ, ಸಿಕ್ಕಿದ ಕೆಲಸ ಹಿಡಿದಿದ್ದರು. 2025ರ ಫೆಬ್ರವರಿಯಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ 50 ಕೆ.ಜಿ. ಮೂಟೆಗೆ 25 ಸಾವಿರ ರೂಪಾಯಿ ದಾಟಿತಲ್ಲ, ಆಗ ನಮ್ಮ ಹುಡುಗನೂ ಸುಮ್ಮನೆ ಕೂರಲಿಲ್ಲ. ಶೀಟು ತೆರೆದು 'ನಿರೀಕ್ಷಿತ ಸಂಬಳ'ದ ಕಾಲಂ ತಿದ್ದಿದ.

ಸಲಹೆಗೆ ಬರವಿಲ್ಲ. "ಕುದ್ರೆಮುಖದಲ್ಲಿ ಒಂದ್ ಮಾತು ಕೇಳಿ ನೋಡಾ" ಎನ್ನುತ್ತಾರೆ ದೊಡ್ಡಪ್ಪ. 1976ರಲ್ಲಿ ಶುರುವಾದ ಅದಿರು ಕಂಪನಿ ಅವರ ಕಾಲದವರಿಗೆ ಕಳಸದ ಪಕ್ಕದಲ್ಲೇ ಸಿಕ್ಕಿದ ಬೊಂಬಾಯಿ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ದೊಡ್ಡಪ್ಪನ ಶಿಫಾರಸು ಮಾತ್ರ ನಿಂತಿಲ್ಲ.

ಮಾವನ ಉದಾಹರಣೆ ಇನ್ನೂ ಹತ್ತಿರದ್ದು. ಚೇತನಹಳ್ಳಿಯ ವಿ.ಜಿ. ಸಿದ್ಧಾರ್ಥ ಕೆಫೆ ಕಾಫಿ ಡೇ ತೆರೆದದ್ದು 1996ರಲ್ಲಿ. ಅದಕ್ಕೂ ಎಷ್ಟೋ ಮುಂಚೆ, ಎಂ.ಎ. ಮುಗಿಸಿದ ಹುಡುಗನಾಗಿ ಬೊಂಬಾಯಿಗೆ ಹೋಗಿ, ಅಪಾಯಿಂಟ್‌ಮೆಂಟ್ ಕೂಡ ಇಲ್ಲದೆ ಷೇರುಪೇಟೆಯ ಮಹೇಂದ್ರ ಕಂಪಾನಿ ಅವರನ್ನು ಕಂಡು, ಅವರಲ್ಲೇ ಕೆಲಸಕ್ಕೆ ಸೇರಿದ್ದರು. ನಮ್ಮ ಹುಡುಗ ಕಥೆಯನ್ನು ಗೌರವದಿಂದ ಕೇಳಿ ತಲೆಯಾಡಿಸಿದ. "ಅದೆಲ್ಲ ಸರಿ ಮಾವ, ಆದ್ರೆ ಅದ್ರಲ್ಲಿ ಪ್ಲಾನೇ ಇಲ್ವಲ್ಲ?"

ಹಾಗಂತ ಸೋಮಾರಿ ಎನ್ನುವಂತಿಲ್ಲ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಯುವನಿಧಿಗೆ, ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಕ್ಕಿರಬಾರದೆಂಬ ಷರತ್ತಿದೆ. ಅಷ್ಟೂ ದಿನ ಆತ ಅದನ್ನು ನಿಷ್ಠೆಯಿಂದ ಪಾಲಿಸಿದ. ಬಾಳೆಹೊನ್ನೂರಿನ ಹತ್ತಿರ 1925ರಿಂದ ಇರುವ ಕಾಫಿ ಸಂಶೋಧನಾ ಕೇಂದ್ರಕ್ಕೂ ಹೋಗಿಬಂದ. ಕಾಫಿಯ ಗುಣಮಟ್ಟ ನೋಡುವುದನ್ನೇ ಕಲಿಸಿ ಉದ್ಯೋಗಕ್ಕೆ ತಯಾರು ಮಾಡುವ ಡಿಪ್ಲೊಮಾ ಕಾಫಿ ಬೋರ್ಡಿನಲ್ಲಿದೆ, ವಿಚಾರಿಸಬಹುದಿತ್ತು. ಮಣ್ಣು ಪರೀಕ್ಷೆಗೆ ಕೊಟ್ಟು ವಾಪಸಾದ. ಅಪ್ಪ ಹೇಳಿ ಕಳಿಸಿದ್ದು ಅಷ್ಟೇ ತಾನೇ!

ಕೊನೆಗೂ ಒಂದು ಸಂದರ್ಶನಕ್ಕೆ ಕರೆ ಬಂತು. ಆನ್‌ಲೈನ್. ಜುಲೈ ತಿಂಗಳು. ನೆಟ್‌ವರ್ಕ್ ಸಿಗುವುದು ತೋಟದ ಮೇಲಿನ ಗುಡ್ಡದಲ್ಲಿ, ಅದೂ ನೇರಳೆ ಮರದ ಪಶ್ಚಿಮ ಮಗ್ಗುಲಲ್ಲಿ ಮಾತ್ರ. ಮೇಲೆ ಇಸ್ತ್ರಿ ಮಾಡಿದ ಅಂಗಿ, ಟೈ. ಕೆಳಗೆ ಚಡ್ಡಿ, ಗಂಬೂಟು. ಮೇಸ್ತ್ರಿ ಕೊಡೆ ಹಿಡಿದು ನಿಂತ. ಲ್ಯಾಪ್‌ಟಾಪನ್ನು ಗೊಬ್ಬರದ ಚೀಲದ ಮೇಲೆ ಇಟ್ಟದ್ದಾಯಿತು.

ಮೊದಲೆರಡು ಪ್ರಶ್ನೆ ಸಲೀಸಾಗಿ ಹೋದವು. ಮೂರನೆಯದಕ್ಕೆ ಗಂಬೂಟಿನೊಳಗೆ ಇಂಬಳ ಸೇರಿಕೊಂಡಿತು. ಮುಂದಿನ ಐದು ವರ್ಷದ ಯೋಜನೆ ಏನೆಂದು ಮೇಡಂ ಕೇಳಿದರು. ಜೀವಮಾನವಿಡೀ ಕಾದ ಪ್ರಶ್ನೆ! ಆತ ಒಂದು ಕಾಲಲ್ಲಿ ನಿಂತು, ಕೆಳಗಿನ ಬ್ಲಾಕಿನ ಹಳೇ ಗಿಡ ಕಿತ್ತು ಚಂದ್ರಗಿರಿ ತಳಿ ಹಾಕುವುದು, ಫಸಲು ಹಿಡಿಯುವವರೆಗೆ ಕಾಳುಮೆಣಸಿನಲ್ಲಿ ತೂಗಿಸಿಕೊಂಡು ಹೋಗುವುದು, ಲೈನು ಮನೆ ಖಾಲಿ ಇರುವ ಕಡೆ ಹೋಂಸ್ಟೇ ಮಾಡಿರುವುದು, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದ. ಕೊಡೆ ಹಿಡಿದ ಮೇಸ್ತ್ರಿಯೂ ಮೆಚ್ಚಿ ತಲೆದೂಗಿದ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಳ್ಳುವಷ್ಟರಲ್ಲಿ ಮೇಡಂ ಕೇಳಿದರು: "ಹೋಂಸ್ಟೇನಲ್ಲಿ ಊಟ ಸೇರಿ ಎಷ್ಟು ತಗೋತೀರಿ?"

ರೇಟ್ ಕಾರ್ಡ್ ಅಂದೇ ಸಂಜೆ ಹೋಯಿತು. ಕೆಲಸದ ವಿಷಯ ಇನ್ನೂ ತಿಳಿದಿಲ್ಲ. ಡಿಸೆಂಬರಿಗೆ ಎರಡು ರೂಮಿನ ಅಡ್ವಾನ್ಸ್ ಬಂದಿದೆ.