ಮೂಗುಳ್ಳ ಟಗರು, ಮೂಗಿಲ್ಲದ ಮೊಲ

ಪಶುವಿನ ಯೋಗ್ಯತೆಯನ್ನು ಅದರ ಮೈತೂಕದಿಂದ ನಿರ್ಣಯಿಸುವುದು ಲೋಕರೂಢಿಯಾಗಿರುವಾಗ, ಸಾಂಗ್ಲಿ ಜಿಲ್ಲೆಯ ಅಂಚಿನಲ್ಲಿ ಕನ್ನಡದಲ್ಲಿ ಮಾತಾಡುತ್ತ ಮರಾಠಿಯಲ್ಲಿ ಅರ್ಜಿ ಬರೆಯುತ್ತ ಬಾಳುವ ನಮ್ಮ ಜತ್ತ ತಾಲೂಕಿನವರು ಮಾತ್ರ ಅದನ್ನು ಮೂಗಿನಿಂದ ನಿರ್ಣಯಿಸುತ್ತೇವೆ. ಮಾಡಗ್ಯಾಳವೆಂಬ ಊರಿನ ಹೆಸರನ್ನೇ ಹೊತ್ತು ಮೆರೆಯುವ ಕುರಿ ನಮ್ಮದು: ಎತ್ತರವಾದ ಕಾಲು, ಬಿಳಿಯ ಮೈಮೇಲೆ ಕಂದು ಮಚ್ಚೆ, ಜೋಲುಗಿವಿ, ಬಹುಮಟ್ಟಿಗೆ ಕೊಂಬಿಲ್ಲದ ತಲೆ, ಆ ತಲೆಯ ಮುಂದೆ ಗಿಣಿಯ ಕೊಕ್ಕಿನಂತೆ ಬಾಗಿ ಇಳಿದ ಮೂಗು. ಬಾಗು ಹೆಚ್ಚಿದಷ್ಟೂ ಬೆಲೆ ಹೆಚ್ಚು. ಕಂಬಳಿಗೆ ಒದಗುವ ಉಣ್ಣೆ ಇದರ ಮೈಯಲ್ಲಿ ಅಷ್ಟಾಗಿ ಇಲ್ಲ, ಸಾಕುವುದು ಮಾಂಸಕ್ಕಾಗಿಯೇ. ಹಾಗಿದ್ದರೂ ಆ ಮೂಗಿನಿಂದ ಸಾರಿನ ರುಚಿಗೆ ಏನು ಉಪಕಾರವೆಂದು ಕೇಳುವಷ್ಟು ಅರಸಿಕನಾದವನಿಗೆ ನಮ್ಮ ಕಡೆ ಹೆಣ್ಣು ಹುಟ್ಟುವುದು ಕಷ್ಟ.

2020ರ ಕೊನೆಯಲ್ಲಿ ನಮ್ಮದೇ ಜಿಲ್ಲೆಯ ಆಟಪಾಡಿ ತಾಲೂಕಿನ ಸರ್ಜಾ ಎಂಬ ಟಗರಿಗೆ 70 ಲಕ್ಷ ರೂಪಾಯಿ ಕೊಡಲು ಒಬ್ಬರು ಮುಂದೆ ಬಂದರೆಂದೂ, ಮಾರುವ ಮನಸ್ಸಿಲ್ಲದ ಒಡೆಯರು ಒಂದೂವರೆ ಕೋಟಿ ಕೇಳಿದರೆಂದೂ ಪತ್ರಿಕೆಗಳಲ್ಲಿ ಬಂದಂದಿನಿಂದ ನಮ್ಮ ಕಾಕಾನ ನಿದ್ರೆ ಹಾರಿತು. ಕೊಪ್ಪದಲ್ಲಿದ್ದ ಟಗರುಮರಿಗಳಲ್ಲಿ ಮೂಗು ಚೆನ್ನಾಗಿದ್ದ ಒಂದನ್ನು ಆರಿಸಿ ‘ರಾಜಾ’ ಎಂದು ಹೆಸರಿಟ್ಟು, ಅದಕ್ಕೆ ನೆನೆಸಿದ ಮೆಕ್ಕೆಜೋಳ, ಶೇಂಗಾ ಹಿಂಡಿ, ಕೊನೆಗೆ ಮನೆಯ ಮಕ್ಕಳಿಗೆ ಚಹಾದ ಬಣ್ಣ ತಿರುಗಿಸುವಷ್ಟೇ ದೊರೆಯುತ್ತಿದ್ದ ಹಾಲನ್ನೂ ಸೇರು ಸೇರಾಗಿ ಸಮರ್ಪಿಸತೊಡಗಿದನು. ಕಾಕಾನ ಮೂಗೂ ಗಿಣಿಮೂಗೇ ಎಂಬುದನ್ನು ಇಲ್ಲಿ ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು.

ಇಂಥ ಸಂದರ್ಭದಲ್ಲಿ ನನ್ನ ತಮ್ಮನು ಒಂದು ಗಂಡು, ಮೂರು ಹೆಣ್ಣು ಮೊಲಗಳನ್ನು ಪಂಜರದಲ್ಲಿಟ್ಟುಕೊಂಡು ಎಸ್‌ಟಿ ಬಸ್ಸಿನಿಂದ ಇಳಿದನು. ಕುರಿ ಐದು ತಿಂಗಳು ಹೊತ್ತು ಒಂದು ಮರಿ ಹಾಕುವುದು. ಮೊಲವಾದರೋ 31 ದಿನಗಳೊಳಗಾಗಿ ಆರೋ ಎಂಟೋ ಹಾಕುವುದು. ಈ ಗಣಿತವನ್ನು ಅವನು ಇದ್ದಿಲಿನಿಂದ ಗೋಡೆಯ ಮೇಲೆ ಬರೆಯುತ್ತ ಹೋಗಿ, ಗೋಡೆ ಮುಗಿಯುವ ಹೊತ್ತಿಗೆ ತಾಲೂಕಿನ ಜನಸಂಖ್ಯೆಯನ್ನು ಮೀರಿಸಿದ್ದನು. ಕಾಕಾ ಒಂದನ್ನು ಎತ್ತಿ, ಬೆಳಕಿಗೆ ಹಿಡಿದು, ಎಡಬಲ ತಿರುಗಿಸಿ ನೋಡಿ, “ಇದಕ ಮೂಗಽ ಇಲ್ಲಲ್ಲೋ ತಮ್ಮಾ!” ಎಂದನು. ವಿಲಾಯತಿಯಲ್ಲಿ ಮೊಲಗಳಿಗೂ ಪ್ರದರ್ಶನಗಳುಂಟೆಂದೂ, ಅಲ್ಲಿ ಇಂಗ್ಲಿಷ್ ಲಾಪ್ ಎಂಬ ಜಾತಿಯ ಮೊಲದ ಕಿವಿಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಳತೆಕೋಲು ಹಿಡಿದು ಅಳೆಯುವರೆಂದೂ ತಮ್ಮನು ವಿವರಿಸಿದನು. “ಕಿವಿ ಅಳಿಯೋ ಮಂದಿಗಿ ಬುದ್ಧಿ ಎಲ್ಲಿಂದ ಬರಬೇಕು?” ಎಂದು ಕಾಕಾ, ರಾಜಾನ ಮೂಗನ್ನು ಗೇಣು ಹಾಕಿ ಅಳೆಯುತ್ತಲೇ, ತೀರ್ಪು ಕೊಟ್ಟನು. ಇಲ್ಲದ ವಸ್ತುವಿಗೆ ಮೊಲದ ಕೊಂಬನ್ನು ಉದಾಹರಿಸಿದ ತಾರ್ಕಿಕರು ನಮ್ಮ ಮನೆಗೆ ಬಂದಿದ್ದರೆ ಮೊಲದ ಮೂಗನ್ನೂ ಆ ಪಟ್ಟಿಗೆ ಸೇರಿಸಿಕೊಂಡು ಹೋಗುತ್ತಿದ್ದರು.

ಗೋಡೆಯ ಗಣಿತವನ್ನು ಕೆಡಿಸಿದ್ದು ಮಾತ್ರ ಬೇಸಿಗೆ. ಬಿಸಿಲು 30 ಡಿಗ್ರಿ ದಾಟಿತೆಂದರೆ ಗಂಡುಮೊಲಕ್ಕೆ ಸಂಸಾರದಲ್ಲಿ ವೈರಾಗ್ಯ ಹುಟ್ಟುತ್ತದೆ; ನಮ್ಮಲ್ಲಿ ಚೈತ್ರ ವೈಶಾಖಗಳಲ್ಲಿ ಅದು 40ನ್ನು ಮುಟ್ಟುವುದು. ಊರಿಗೆ ಊರೇ ಕೊಡ ಹಿಡಿದು ಟ್ಯಾಂಕರಿನ ದಾರಿ ಕಾಯುತ್ತಿರುವಾಗ ತಮ್ಮನು ಪಂಜರದ ಸುತ್ತಲಿನ ಗೋಣಿಚೀಲಗಳಿಗೆ ನೀರು ಚಿಮುಕಿಸುವುದನ್ನು ಕಂಡು ಅವ್ವ ಆಡಿದ ಮಾತುಗಳು ಬರೆಯತಕ್ಕವಲ್ಲ.

ಮಾಂಸದ ಪರೀಕ್ಷೆ ನಡೆದದ್ದು ಒಂದೇ ಸಲ. ಚರ್ಮ ಸುಲಿದ ಮೊಲವು ಬೆಕ್ಕಿನಂತೆ ಕಾಣುವುದೆಂದು ಆಯಿ ಒಲೆಯ ಹತ್ತಿರಕ್ಕೂ ಬರಲಿಲ್ಲ. ಅದೇ ದಿನ ಅಕಸ್ಮಾತ್ತಾಗಿ ಆಗಮಿಸಿದ ನಮ್ಮ ಅಕ್ಕನ ಗಂಡ, ಜೋಳದ ರೊಟ್ಟಿಯೊಡನೆ ಮೂರು ಸಲ ಬಡಿಸಿಕೊಂಡು, ಇಷ್ಟು ಮೆತ್ತಗಿನ ಕೋಳಿಯನ್ನು ತಾವು ಜನ್ಮದಲ್ಲಿ ಉಂಡಿಲ್ಲವೆಂದು ಹೊಗಳಿದರು. ಸತ್ಯವನ್ನು ನುಡಿಯುವ ಚಪಲವುಳ್ಳ ನನ್ನ ಸಣ್ಣ ಮಗಳು ಅಲ್ಲಿಯೇ ಇದ್ದಳು. ಭಾವನವರು ಅಂದಿನಿಂದ ನಮ್ಮ ಮನೆಯಲ್ಲಿ ಏಕಾದಶಿಯಲ್ಲದ ದಿನವೂ ಕಾಳುಪಲ್ಯವನ್ನೇ ಕೇಳುತ್ತಾರೆ.

ಜತ್ತಿನ ಯಲ್ಲಮ್ಮನ ಜಾತ್ರೆಗೆ ರಾಜಾನನ್ನು ಮೀಯಿಸಿ, ಹಣೆಗೆ ಭಂಡಾರ ಬಳಿದು, ಕೊರಳಿಗೆ ಗೊಂಡೆ ಕಟ್ಟಿ ಟೆಂಪೋದಲ್ಲಿ ಒಯ್ದೆವು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಮೊಲಗಳ ಪಂಜರವೂ ಹಿಂದೆಯೇ ಬಂದಿತು. ಗಿರಾಕಿಯೊಬ್ಬನು ಟಾವೆಲ್ಲಿನ ಮರೆಯಲ್ಲಿ ಕಾಕಾನ ಬೆರಳು ಹಿಡಿದನು. ಕಾಕಾ ಅದೆಷ್ಟು ಬೆರಳು ತೋರಿದನೋ, ಗಿರಾಕಿಯು ಬಿಸಿ ತಗುಲಿದವನಂತೆ ಕೈಯನ್ನು ಹಿಂದೆಗೆದುಕೊಂಡು, “ಕಾಕಾ, ನಾ ಕೇಳಿದ್ದು ಟಗರಿಂದು, ಹೊಲದ್ದಲ್ಲ” ಎಂದನು. ಮತ್ತೊಬ್ಬನು ಮೂಗನ್ನು ಕಣ್ಣೆತ್ತಿಯೂ ನೋಡದೆ, ಸೊಂಟ ಹಿಚುಕಿ, ಕಿಲೋ ಲೆಕ್ಕದಲ್ಲಿ ಮಾತಾಡಿದನು. ಆ ಅಪಮಾನದಿಂದ ಕಾಕಾ ಮಧ್ಯಾಹ್ನದ ಬುತ್ತಿಯನ್ನು ಬಿಚ್ಚಲಿಲ್ಲ.

ಇತ್ತ ಟೆಂಪೋದ ಹಿಂಬದಿಯಲ್ಲಿ ಮಕ್ಕಳು ಮುತ್ತಿಕೊಂಡು, ಅಳುವ ಮಕ್ಕಳ ಹಿಂದೆ ಅಪ್ಪಂದಿರು ಬಂದು, ಸಂಜೆಯೊಳಗೆ ಪಂಜರವು ಬರಿದಾಯಿತು. ಮೂಗಿನ ವಿಚಾರವನ್ನು ಒಬ್ಬರೂ ಎತ್ತಲಿಲ್ಲ. ಆ ಹಣದಿಂದ ತಮ್ಮನು ಟೆಂಪೋದ ಬಾಡಿಗೆ ತೀರಿಸಿ, ಉಳಿದುದಕ್ಕೆ ರಾಜಾನಿಗೆ ಒಂದು ಚೀಲ ಶೇಂಗಾ ಹಿಂಡಿ ಕೊಂಡನು. ಕಾಕಾ ಕೇಳಿದಾಗ, ಪರಿಚಯದ ಅಂಗಡಿ, ಉದ್ದರಿ ಕೊಟ್ಟರು ಎಂದನು.