ಕುಮಟಾ ಈರುಳ್ಳಿಯ ಎಚ್-ಸೂಚ್ಯಂಕ: ಒಂದು ಪ್ರೌಢ ಶೋಧ

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳ ಅತಿ ಹಿರಿಯ ಜೀವಕೋಶ ವಿಜ್ಞಾನಿ ಯಾರು ಎಂಬ ಪ್ರಶ್ನೆಯನ್ನು ವಿದ್ವಾಂಸರು ಯಾರೂ ಕೇಳದೆ ಇದ್ದುದರಿಂದ ಉತ್ತರಿಸುವ ಭಾರ ಈ ಬಡ ಸಂಶೋಧಕನ ಮೇಲೆ ಬಿದ್ದಿದೆ. ಉತ್ತರ: ಈರುಳ್ಳಿ. ಅದರಲ್ಲೂ ಬೇಸಿಗೆಯಲ್ಲಿ ಅಳ್ವೆಕೋಡಿ, ಹಂದಿಗೋಣದ ಹೆದ್ದಾರಿ ಬದಿಗೆ ಜಡೆ ಹೆಣೆದುಕೊಂಡು ನೇತಾಡುವ ಸಿಹಿ ಈರುಳ್ಳಿ.

ಇದರ ಪ್ರಥಮ ಪ್ರಕಟಣೆ ಸಿಪ್ಪೆ. ಒಳಪೊರೆ ಸುಲಿದು, ಸ್ಯಾಫ್ರನಿನ್ ಒಂದು ಹನಿ ಬಿಟ್ಟು, ಕವರ್‌ಸ್ಲಿಪ್ ಮುಚ್ಚಿ ನೋಡಿದ ಪ್ರತಿ ಹೈಸ್ಕೂಲು ಹುಡುಗನೂ ಇದನ್ನು ರೆಕಾರ್ಡ್ ಪುಸ್ತಕದಲ್ಲಿ ಉಲ್ಲೇಖಿಸಿದ್ದಾನೆ. ಸೂಕ್ಷ್ಮದರ್ಶಕ ನೋಡಿ ಬರೆದದ್ದು ಮೂಲ ಉಲ್ಲೇಖ, ಅಕ್ಕನ ರೆಕಾರ್ಡ್ ನೋಡಿ ಬರೆದದ್ದು ದ್ವಿತೀಯಕ. ಗಾಳಿಗುಳ್ಳೆಗೆ ಬಾಣ ಎಳೆದು ‘ಕೋಶಕೇಂದ್ರ’ ಎಂದವರನ್ನೂ ನಾವು ಕೈಬಿಟ್ಟಿಲ್ಲ. ಉಲ್ಲೇಖ ಸರಿಯೋ ತಪ್ಪೋ ಎಂಬ ಹಂಗು ಸೂಚ್ಯಂಕಕ್ಕಿಲ್ಲ. ಎರಡನೆಯ ಪ್ರಕಟಣೆ ಬೇರಿನ ತುದಿ: ಕೋಶ ವಿಭಜನೆ, 16 ವರ್ಣತಂತು. ಮೂರನೆಯದು ಅಂತಾರಾಷ್ಟ್ರೀಯ ಸಹಯೋಗ. 1938ರಲ್ಲಿ ಸ್ವೀಡನ್ನಿನ ಆಲ್ಬರ್ಟ್ ಲೆವಾನ್ ಈರುಳ್ಳಿ ಬೇರಿಗೆ ಕಾಲ್ಚಿಸಿನ್ ಉಣಿಸಿ ವಿಭಜನೆಯನ್ನು ಅರ್ಧದಲ್ಲೇ ತಡೆದು ನಿಲ್ಲಿಸಿದ. ದುಡಿದ ಈರುಳ್ಳಿ ಶೀರ್ಷಿಕೆಯಲ್ಲಿದೆ, ಲೇಖಕರ ಸಾಲಿನಲ್ಲಿಲ್ಲ. ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಕಳೆದುಕೊಂಡ ಕೋಶದ್ರವ್ಯ ಕುಗ್ಗುವ ಪ್ಲಾಸ್ಮಾಲಿಸಿಸ್ ಪ್ರಯೋಗ ಮಾತ್ರ ರಿಯೋ ಗಿಡದ ಎಲೆಯ ಪಾಲಾಯಿತು. ಲಾಬಿ ಜೋರಿತ್ತೆಂದು ಕಾಣುತ್ತದೆ.

ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹಿರ್ಷ್ 2005ರಲ್ಲಿ ಕೊಟ್ಟ ಸೂತ್ರದಂತೆ, ಎಷ್ಟು ಲೇಖನಗಳಿಗೆ ತಲಾ ಅಷ್ಟಾದರೂ ಉಲ್ಲೇಖ ಬಿದ್ದಿದೆಯೋ ಅಷ್ಟೇ ಎಚ್-ಸೂಚ್ಯಂಕ. ಸಿಪ್ಪೆಗೆ ಲಕ್ಷ ಬೀಳಲಿ, ಕೋಟಿ ಬೀಳಲಿ, ಪ್ರಕಟಣೆ ಮೂರೇ ಆದ್ದರಿಂದ ಈರುಳ್ಳಿಯ ಅಂಕ 3. ಇಷ್ಟಕ್ಕೆ ಸಂದರ್ಶನಕ್ಕೂ ಕರೆಯುವುದಿಲ್ಲ. ಪದರ ಬಿಡಿಸಿ ಪದರಕ್ಕೊಂದು ಲೇಖನ ಮಾಡಿದ್ದರೆ ಎಂದೋ ಪ್ರೊಫೆಸರ್ ಆಗಬಹುದಿತ್ತು. ಮನುಷ್ಯ ಸಂಶೋಧಕರೆಲ್ಲ ಬಲ್ಲ ಈ ಉಪಾಯ, ಮೈಯೆಲ್ಲ ಪದರವೇ ಆದ ಈರುಳ್ಳಿಗೆ ಹೊಳೆಯದೇ ಹೋದದ್ದು ಸೋಜಿಗ.

ಊರಿನಿಂದಲಾದರೂ ಕಲಿಯಬೇಕಿತ್ತು. 19ನೇ ಶತಮಾನದಲ್ಲಿ ‘ಕುಮಟಾ ಹತ್ತಿ’ ಪರದೇಶದ ಪೇಟೆಯವರೆಗೂ ಹೆಸರುವಾಸಿ. ಬೆಳೆದದ್ದು ಧಾರವಾಡ ಸೀಮೆಯ ಎರೆನೆಲ, ಕುಮಟಾ ಮಾಡಿದ್ದು ಹಡಗಿಗೆ ಹತ್ತಿಸುವ ಕೆಲಸ. ಆದರೂ ಪ್ರಥಮ ಲೇಖಕನ ಸ್ಥಾನ ಅದಕ್ಕೇ! ಭಟ್ಕಳದ್ದು ಇನ್ನೊಂದು ಪಾಡು: ಪೋರ್ಚುಗೀಸರು ಬಟಿಕಲಾ ಎಂದು ಬರೆದಿಟ್ಟದ್ದರಿಂದ ಗಣಕ ಇಬ್ಬರು ಲೇಖಕರೆಂದು ಬಗೆದು ಅಂಕವನ್ನು ಒಡೆದು ಹಂಚುತ್ತದೆ.

ಹೊನ್ನಾವರ ಪುಣ್ಯವಂತ ಊರು. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತ ಇಲ್ಲಿ ಹೆಣ್ಣುಮಕ್ಕಳ 13, ಗಂಡುಮಕ್ಕಳ 23 ಶಾಲೆಗಳನ್ನು ಕಂಡೆನೆಂದು ಬರೆದ. ಅಂದಿನಿಂದ ಊರಿನ ಚರಿತ್ರೆ ಬರೆಯಲು ಕೂತವರ ಲೇಖನಿಗೆ ಈ ಎರಡು ಅಂಕಿ ತಾವಾಗಿ ಬರುತ್ತವೆ. ಎಣಿಸಿದವ ಒಬ್ಬ, ಮಿಕ್ಕವರೆಲ್ಲ ಉಲ್ಲೇಖಿಸಿದವರು. ಕೋಶವಿಜ್ಞಾನವೂ ಇದೇ ಜಾತಿ. ಮನುಷ್ಯನ ವರ್ಣತಂತು 48 ಎಂದು 1923ರಲ್ಲಿ ಪೇಂಟರ್ ಹೇಳಿದ. ಮೂವತ್ತಕ್ಕೂ ಹೆಚ್ಚು ವರ್ಷ ಪಠ್ಯಪುಸ್ತಕಗಳು ಅದನ್ನೇ ಒಪ್ಪಿಸಿದವು. 1956ರಲ್ಲಿ ತ್ಯೋ ಮತ್ತು ಲೆವಾನ್ ಹೊಸದಾಗಿ ಎಣಿಸಿದರೆ ಇದ್ದದ್ದು 46. ಹೌದು, ಅದೇ ಈರುಳ್ಳಿಯ ಲೆವಾನ್. ಬಳಸಿದ್ದೂ ಅದೇ ಕಾಲ್ಚಿಸಿನ್. ಆ ಮೂವತ್ತು ವರ್ಷದಲ್ಲಿ 48 ಗಳಿಸಿದ ಉಲ್ಲೇಖಗಳನ್ನು ಯಾರೂ ಹಿಂದಕ್ಕೆ ಕೇಳಿಲ್ಲ.

ಅಂಕದ ಆಧಾರದಲ್ಲಿ ಮನುಷ್ಯರನ್ನು ಅಳೆಯಬೇಡಿ ಎಂಬ ತಕರಾರೂ ಇದೆ. 2012ರ ಡಿಸೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ನೆರೆದಾಗ, ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ನೌಕರಿ, ಬಡ್ತಿ ಕೊಡಬೇಡಿ ಎಂಬ ಘೋಷಣೆಗೆ ಚಾಲನೆ ಕೊಟ್ಟವರು ಅಮೆರಿಕದ ಜೀವಕೋಶ ವಿಜ್ಞಾನಿಗಳೇ. ಆ ಘೋಷಣೆಗೆ ಎಷ್ಟು ಉಲ್ಲೇಖ ಬಿದ್ದಿದೆ ಎಂದು ಎಣಿಸುವವರೂ ಇದ್ದಾರು.

ಈ ಶೋಧವನ್ನು ಮರುಪರಿಶೀಲಿಸಬಯಸುವ ವಿದ್ವಾಂಸರು ಬೇಗ ಬರಬೇಕು. ಮಳೆಗಾಲಕ್ಕೆಂದು ಅಟ್ಟದಲ್ಲಿ ತೂಗಿಸಿದ್ದ ದತ್ತಾಂಶವನ್ನು ಮನೆಯವರು ಈಗಾಗಲೇ ಗಂಜಿಯ ಜೊತೆ ಕಚ್ಚಿಕೊಳ್ಳತೊಡಗಿದ್ದಾರೆ.